ಬಚ್ಚಲ ಬಾಗಿಲ ಬಟ್ಟೆ

ಬಾಲದಲ್ಲಿ ಇಕ್ಕಳವಿರುವ ಕಿವಿಹುಳವೊಂದು ಬಚ್ಚಲ ಬಾಗಿಲ ಕೆಳಗಿನಿಂದ ನುಸುಳಿ, ಪಡಸಾಲೆಯಲ್ಲಿ ಮಲಗಿಸಿದ್ದ ಧೂಳಪ್ಪನ ಹೆಣದತ್ತ ಹೊರಟಿತು. ಬೆಳಗಿನಿಂದ ಅಳದೆ ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಸಾವಂತ್ರವ್ವ ತಟ್ಟನೆ ಎದ್ದಳು.

ಹುಳ ಕಿವಿ ಹೊಕ್ಕೀತೆಂದು ಗಂಡನಿಗೆ ಜನ್ಮವಿಡೀ ಅಂಜಿಕೆ. ಅದಕ್ಕೇ ಅವಳು ದಿನಾ ಸಂಜೆ ಬಚ್ಚಲ ಬಾಗಿಲ ಕೆಳಗಿನ ಸಂದಿಗೆ ಹಳೆಯ ಧೋತರದ ತುಂಡು ತುರುಕುತ್ತಿದ್ದಳು. ಇಂದು ಮೈ ತೊಳೆಸಲು ನೀರು ತಂದವರು ಅದನ್ನು ಕಾಲಿನಿಂದ ಸರಿಸಿಬಿಟ್ಟಿದ್ದರು. ಅವಳು ಬಗ್ಗಿ, ಬಟ್ಟೆ ಮಡಚಿ, ಸಂದಿಗೆ ಒತ್ತತೊಡಗಿದಳು.

"ಬಿಡ್ರಿ ಅತ್ತಿ," ಸೊಸೆ ನಿರ್ಮಲಾ ಮೆಲ್ಲಗೆ ಅಂದಳು. "ಮಾವಾರ ಕಿವ್ಯಾಗ ಆಗ್ಲೇ ಅರಳಿ ಇಟ್ಟಾರ."

ಸಾವಂತ್ರವ್ವ ತಿರುಗಿ ನೋಡಿದಳು. ಎರಡೂ ಕಿವಿಯಲ್ಲಿ ಬಿಳಿ ಅರಳೆ. ಹುಳ ಅದರ ಹತ್ತಿರ ಹೋಗಿ, ಪಕ್ಕಕ್ಕೆ ಸರಿಯಿತು. ಅವಳು ಬಟ್ಟೆಯನ್ನು ಸೊಸೆಯ ಕೈಗಿತ್ತಳು.

"ಹಂಗಾರ ಇದರ್ಲೆ ನೆಲಾ ಒರಸವ್ವಾ. ಹಸಿ ಆಗೇತಿ."