ಗಟ್ಟಿ ಪಾಸ್‌ವರ್ಡ್

ಊರಿನ ಸಣ್ಣ ವ್ಯಾಪಾರಿಗಳ ತಿಂಗಳ ಕೂಟದಲ್ಲಿ ವೆಬ್ ಸಲಹೆಗಾರ ತಾನೇ ತಯಾರಿಸಿದ ಪುಟವೊಂದನ್ನು ಪರದೆಯ ಮೇಲೆ ತೋರಿಸಿದ. ನಮ್ಮ ಪಾಸ್‌ವರ್ಡ್ ಬರೆದರೆ ಅದೆಷ್ಟು ಗಟ್ಟಿ ಎಂದು ಪುಟ ಹೇಳುತ್ತಿತ್ತು. ಎಲ್ಲರೂ ಮೊಬೈಲಿನಲ್ಲಿ ಅದನ್ನು ತೆರೆದು ತಮ್ಮ ತಮ್ಮ ಪಾಸ್‌ವರ್ಡ್ ಬರೆಯತೊಡಗಿದರು. ಆನ್‌ಲೈನಿನಲ್ಲಿ ರೊಟ್ಟಿ ಮಾರುವ ಹೆಂಗಸು ಮಾತ್ರ ಮೊಬೈಲನ್ನು ಚೀಲದಿಂದ ತೆಗೆಯಲೇ ಇಲ್ಲ.

“ಬರದದ್ದು ಎಲ್ಲಿಗೆ ಹೋಗತೈತ್ರಿ?”

“ಎಲ್ಲಿಗೂ ಹೋಗಂಗಿಲ್ರಿ ಅಕ್ಕಾರ. ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ?”

“ಹಂಗಾದ್ರ ಮೊದಲ ನಿಮ್ಮದು ಬರೀರಿ.”

“ಈಕಿದು ಯಾವಾಗ್ಲೂ ಇದ ಹಾಡು,” ಎಂದು ಪಕ್ಕದವನು ಗೊಣಗಿದ.

ಸಲಹೆಗಾರ ಬರೆದ. ‘ಬಹಳ ಗಟ್ಟಿ’ ಎಂದು ಪರದೆಯ ಮೇಲೆ ಹಸಿರಕ್ಷರ ಮೂಡಿತು.

“ಅಯ್ಯ, ನಿಮ್ಮ ಪಾಸ್‌ವರ್ಡ್ ಎಲ್ಲಾರಿಗೂ ಕಾಣಾಕತ್ತೈತಲ್ರಿ!” ಎಂದಳು ರೊಟ್ಟಿಯ ಹೆಂಗಸು.

ಸಲಹೆಗಾರ ನಕ್ಕುಬಿಟ್ಟ.

“ಖರೇ ಪಾಸ್‌ವರ್ಡ್ ಯಾರರ ಇಲ್ಲಿ ಬರೀತಾರೇನ್ರಿ?”