ಹೊಸ ಯಂತ್ರದ ನಾಲ್ಕನೆಯ ಕೀ

ಕಳ್ಳನೇ, ಅನುಮಾನವೇ ಇಲ್ಲ. ಕರವಸ್ತ್ರದಲ್ಲಿ ಸುತ್ತಿ ತಂದ ಕೀಯನ್ನು ಮೇಜಿನ ಮೇಲಿಟ್ಟವನು ಬೀಗದ ಮೇಷ್ಟ್ರ ಮುಖ ನೋಡಲಿಲ್ಲ, ರಸ್ತೆ ನೋಡುತ್ತಿದ್ದ.

"ಯಾವುದರ ಕೀ ಇದು?" ಮೇಷ್ಟ್ರು ಕೇಳಿದರು.

"ಮನೇದು. ಬೇಗ ಆಗುತ್ತಾ?"

ಮನೆಯದಂತೆ! ಅಂಗಡಿಯ ಶಟರ್‌ಗೆ ಹಾಕುವ ದಪ್ಪ ಬೀಗದ ಕೀ ಅದು. ಕಣ್ಣು ಕಟ್ಟಿ ಕೈಗಿಟ್ಟರೂ ಮೇಷ್ಟ್ರು ಹೇಳಿಬಿಡುತ್ತಿದ್ದರು. ಮೂವತ್ತು ವರ್ಷ ಅರದಿಂದ ಉಜ್ಜಿ ಉಜ್ಜಿ ಕೀ ಮಾಡಿದ ಕೈ. ಅವರು ಮಾಡಿದ ಒಂದೇ ಒಂದು ಕೀ ಬೀಗ ತೆರೆಯದೆ ವಾಪಸು ಬಂದದ್ದಿಲ್ಲ. ಆ ಹೆಸರೇ ಅವರ ಆಸ್ತಿ. ಬೇರೆ ಆಸ್ತಿ ಏನೂ ಇಲ್ಲವೆಂದು ಹೆಂಡತಿ ಆಗಾಗ ನೆನಪಿಸುತ್ತಿದ್ದಳು.

ಕೀ ಕೊರೆಯುವ ಹೊಸ ಯಂತ್ರ ತರಿಸಿದವಳೂ ಅವಳೇ. ಅಂದು ಬೆಳಿಗ್ಗೆಯಷ್ಟೇ ಮೇಷ್ಟ್ರು ಮೂಗು ಮುರಿಯುತ್ತ ಅದನ್ನು ಹೊಂದಿಸಿದ್ದರು. ಎಡ ಹಿಡಿಕೆಯಲ್ಲಿ ಅಸಲಿ ಕೀ, ಬಲ ಹಿಡಿಕೆಯಲ್ಲಿ ಇನ್ನೂ ಹಲ್ಲು ಮೂಡದ ಹೊಸ ಕೀ. ಎಡಗಡೆಯ ಕಡ್ಡಿ ಅಸಲಿಯ ಹಲ್ಲುಗಳನ್ನು ಸವರುತ್ತ ಹೋದಂತೆ ಬಲಗಡೆಯ ಚಕ್ರ ಹೊಸದನ್ನು ಅಷ್ಟಷ್ಟೇ ಕೊರೆಯುತ್ತದೆ. ಕಡ್ಡಿಯೂ ಚಕ್ರವೂ ಒಂದೇ ಮಟ್ಟದಲ್ಲಿರಬೇಕು, ಅಷ್ಟೆ. ಹಲ್ಲಿಲ್ಲದ ಎರಡು ಕೀಗಳನ್ನು ಕಚ್ಚಿಸಿ, ಕಡ್ಡಿಯನ್ನು ಹಿಂದೆ ಮುಂದೆ ಸರಿಸಿ, ಮಟ್ಟ ನೋಡಿ ತಿರುಪು ಬಿಗಿದರು. ಆಮೇಲೆ ಕುಂಚ ತಗೊಂಡು ಹಿಡಿಕೆಗಳನ್ನು ಚೊಕ್ಕ ಮಾಡಿದರು. ಮಧ್ಯಾಹ್ನದೊಳಗೆ ದರ್ಜಿಗೊಂದು, ನರ್ಸಮ್ಮನಿಗೊಂದು, ಮೂಲೆಮನೆ ಅಜ್ಜಿಗೊಂದು ಕೀ ಮಾಡಿಕೊಟ್ಟೂ ಆಗಿತ್ತು. ಒಂದಕ್ಕೆ ಎರಡೇ ನಿಮಿಷ.

ನಾಲ್ಕನೆಯವನೇ ಈ ಮಹಾಶಯ. ಆಗಲ್ಲ ಹೋಗಯ್ಯ ಎಂದರೆ ನೇರ ಪಕ್ಕದ ಅಂಗಡಿಗೆ ಹೋಗುತ್ತಾನೆ. ನಿನ್ನೆ ಮೊನ್ನೆ ಅಂಗಡಿ ತೆರೆದು 'ಕೀ ಉಸ್ತಾದ್' ಎಂದು ಬೋರ್ಡು ಬರೆಸಿಕೊಂಡಿರುವ ಆ ಪುಣ್ಯಾತ್ಮ ಹಿಂದೆ ಮುಂದೆ ನೋಡದೆ ಮಾಡಿಕೊಡುತ್ತಾನೆ.

ಮೇಷ್ಟ್ರಿಗೆ ಉಪಾಯ ಹೊಳೆಯಿತು. ಹೊಸ ಕೀಯನ್ನು ಕಚ್ಚಿಸುವಾಗ ಅದರ ಅಡಿಗೆ ಬೆಂಕಿಪೊಟ್ಟಣದ ರಟ್ಟಿನ ಚೂರೊಂದನ್ನು ಸೇರಿಸಿದರು. ಕೀ ಎಳ್ಳಷ್ಟು ಮೇಲೆದ್ದಿತು. ಚಕ್ರ ಪ್ರತಿ ಹಲ್ಲನ್ನೂ ಅಷ್ಟೇ ಹೆಚ್ಚು ಆಳಕ್ಕೆ ಕೊರೆಯಿತು. ನೋಡಲು ತದ್ರೂಪ. ಬೀಗಕ್ಕೆ ಹಾಕಿದರೆ ಜಪ್ಪಯ್ಯ ಎಂದರೂ ತಿರುಗದು.

"ಸರಿಯಾಗಿ ತೆರೆಯುತ್ತಲ್ವಾ?" ಅವನು ಕೇಳಿದ.

"ನನ್ನ ಕೀ ಯಾವತ್ತೂ ಕೈ ಕೊಟ್ಟಿಲ್ಲ," ಎಂದರು ಮೇಷ್ಟ್ರು, ನಗು ನುಂಗಿಕೊಂಡು. ಅಂದು ಅವರು ಎಂದಿಗಿಂತ ಒಂದು ತುತ್ತು ಹೆಚ್ಚೇ ಉಂಡರು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಮೂವರು ಕಾದು ನಿಂತಿದ್ದರು.

"ಏನ್ ಮೇಷ್ಟ್ರೇ, ಇದು ಕೀನೋ, ಕಿವಿ ಕೆರೆಯೋ ಕಡ್ಡಿನೋ?" ಎಂದ ದರ್ಜಿ. ನರ್ಸಮ್ಮನ ಕೀ ಬೀಗದೊಳಗೆ ಹೋಗಿಯೂ ತಿರುಗಿರಲಿಲ್ಲ. "ನಿನಗೂ ವಯಸ್ಸಾಯ್ತು ಬಿಡಪ್ಪಾ," ಎಂದು ಅಜ್ಜಿ ಮರುಗಿದ್ದು ಉಳಿದಿಬ್ಬರ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಬಂದರು. ಕೈಯಲ್ಲಿ ದಪ್ಪ ಬೀಗ, ಬೀಗದಲ್ಲೇ ನೇತಾಡುವ ಹೊಸ ಕೀ.

"ಗಡಿಯಾರದ ಅಂಗಡಿ ಕಳುವಾಗಿದೆ. ಕಳ್ಳ ಇದನ್ನ ಅಲ್ಲೇ ಬಿಟ್ಟು ಓಡಿದ್ದಾನೆ. ಅವನಿಗೆ ಕೀ ಮಾಡಿಕೊಟ್ಟೋನು ಸಿಕ್ಕಿದ್ರೆ ಅವನನ್ನೂ ಒಳಗೆ ಹಾಕ್ತೀನಿ." ಬೀಗ ಮುಚ್ಚಿ ಕೀ ತಿರುಗಿಸಿದರು. ಹೂವಿನಷ್ಟು ಹಗುರಾಗಿ ತೆರೆದುಕೊಂಡಿತು.

ಮೇಷ್ಟ್ರು ಯಂತ್ರದ ಕಡೆ ತಿರುಗಿ ನೋಡಿದರು. ಮಟ್ಟ ನೋಡುವಾಗ ಬಲ ಹಿಡಿಕೆಯಲ್ಲಿ ಕೀಯ ಅಡಿಗೆ ಲೋಹದ ಚೂರೊಂದು ಕೂತಿದ್ದಿರಬೇಕು. ಕುಂಚದಲ್ಲಿ ಅದನ್ನು ಗುಡಿಸಿ ಹಾಕಿದ ಮೇಲೆ ಯಂತ್ರ ಎಲ್ಲ ಕೀಗಳನ್ನೂ ಒಂದು ರಟ್ಟಿನಷ್ಟು ಕಡಿಮೆಯೇ ಕೊರೆದಿದೆ. ಕೆಡಿಸಲೆಂದು ಇಟ್ಟ ರಟ್ಟು ಆ ಕೊರತೆಯನ್ನು ಸರಿಮಾಡಿದೆ. ಸಾಚಾ ಜನರದು ಮೂರೂ ಹಾಳು, ಕಳ್ಳನದೊಂದೇ ಸರಿ.

"ನಿಮ್ಮ ಕೆಲಸವಾ ಇದು?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ದರ್ಜಿ ಬಿದ್ದು ಬಿದ್ದು ನಕ್ಕ. "ಇವರದಾ? ಇವರ ಕೀ ನಮ್ಮನೆ ಬಾಗಿಲನ್ನೇ ತೆಗೆಯಲ್ಲ ಸಾರ್. ಬೇಕಾದ್ರೆ ನಾವು ಮೂರು ಜನ ಸಾಕ್ಷಿ."

"ಎಲ್ಲಿ, ಇದಕ್ಕೇ ಒಂದು ನಕಲು ಮಾಡಿ ನೋಡೋಣ."

ಮೇಷ್ಟ್ರು ಮಾಡಿಕೊಟ್ಟರು. ಈ ಸಲ ರಟ್ಟು ಇಡಲಿಲ್ಲ. ಇನ್‌ಸ್ಪೆಕ್ಟರ್ ಎಷ್ಟು ತಿಣುಕಿದರೂ ಅದು ತಿರುಗಲಿಲ್ಲ.

"ಹೋಗಲಿ ಬಿಡಿ," ಎಂದರು ಅವರು, ಮಕ್ಕಳಿಗೆ ಹೇಳುವಂತೆ. "ಇದನ್ನ ಮಾಡಿದೋನು ಒಳ್ಳೇ ಕಸುಬುದಾರ. ನಿಮ್ಮ ಕೈಲಾಗೋ ಕೆಲಸ ಅಲ್ಲ. ಪಕ್ಕದ ಅಂಗಡಿಯೋನದೇ ಇರಬೇಕು."

"ಸುಮ್ನಿರಿ," ಗಲಾಟೆ ಕೇಳಿ ಬಂದು ಪಕ್ಕ ನಿಂತಿದ್ದ ಹೆಂಡತಿ ಮೇಜಿನಡಿ ಮೇಷ್ಟ್ರ ಕಾಲು ತುಳಿದು ಪಿಸುಗುಟ್ಟಿದಳು. ಜೈಲು ತಪ್ಪಿತ್ತು. ಇನ್‌ಸ್ಪೆಕ್ಟರ್ ಮೆಟ್ಟಿಲಿಳಿದು ಪಕ್ಕದ ಅಂಗಡಿಯ ಕಡೆ ಹೊರಟರು.

"ನಿಲ್ಲಿ ಸಾರ್!" ಮೇಷ್ಟ್ರು ಹೆಂಡತಿಯ ಕೈ ಕೊಸರಿಕೊಂಡು ಬೀದಿಗೆ ಓಡಿದರು. "ಅವನಿಗೆಲ್ಲಿ ಬರಬೇಕು ಅಂಥಾ ಕೆಲಸ? ಆ ಕೀ ಮಾಡಿದ್ದು ನಾನು!"