ಹೆಗಲ ಮೇಲೆ ಬಂದ ಕ್ಯಾಪ್ಟನ್

ಒಂದು ಊರು. ಆ ಊರಿಗೊಬ್ಬ ಯುವರಾಜ. ಊರವರೇ ಅವನನ್ನು ಹೊತ್ತು ಮೆರೆಸಿದರು, ಊರವರೇ ಕಲ್ಲು ಬೀರಿ ಗಡಿ ದಾಟಿಸಿದರು. ಅಜ್ಜಿಯರ ಕಥೆಯಲ್ಲಾದರೆ ಅಂಥವನು ಬಿಳಿ ಕುದುರೆ ಏರಿ, ಏಳು ಹಳ್ಳ ದಾಟಿ ತಿರುಗಿ ಬರುತ್ತಾನೆ. ಇವನು ಬಂದದ್ದು ಕೊಲ್ಲಾಪುರದಿಂದ, ಬಾಡಿಗೆ ಕಾರಿನಲ್ಲಿ. ಸಾವಳಗಿ ದಾಟಿ ಜಮಖಂಡಿಯ ನಾಕಾ ಮುಟ್ಟುವಷ್ಟರಲ್ಲಿ ರಸ್ತೆಗಡ್ಡ ಒಂದು ಟ್ರ್ಯಾಕ್ಟರ್ ನಿಂತಿತ್ತು. ಸುತ್ತ ನೂರಾರು ಮಂದಿ.

ಗಾಜಿನ ಮೇಲೆ ಯಾರೋ ಗುಲಾಲು ಎರಚಿದರು.

“ಇಳೀಪಾ ಕ್ಯಾಪ್ಟನ್.” ಬಾಗಿಲು ತೆಗೆದವನು ದುರಗೇಶ.

ಯುವರಾಜ ಸೀಟಿನ ಆಚೆ ತುದಿಗೆ ಸರಿದ. ಗರುಡ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳಿಗೆಲ್ಲ ಮುಂದಾಳು ಈ ದುರಗೇಶ. ಅಂದು ಮುಧೋಳದವರ ವಿರುದ್ಧ ಫೈನಲ್ಲಿನಲ್ಲಿ ಯುವರಾಜನ ಪೆನಾಲ್ಟಿ ಕಂಬದಾಚೆ ಹೋದಾಗ, ‘ಮ್ಯಾಚ್ ಮಾರಿಕೊಂಡಾನ’ ಎಂದು ಮೊದಲು ಕೂಗಿದವನು ಅವನು. ಮೊದಲ ಕಲ್ಲೂ ಅವನದೇ. ಕ್ಯಾಪ್ಟನ್ ಮುರಿದ ಕಾಲ್ಬೆರಳಿಗೆ ಪಟ್ಟಿ ಸುತ್ತಿಕೊಂಡು ಆಡಿದ್ದ ಎಂಬುದು ಆಮೇಲೆ ಊರಿಗೆಲ್ಲ ಗೊತ್ತಾಯಿತು. ಗೊತ್ತಾದ ಮೇಲೂ ತಪ್ಪಾಯಿತೆನ್ನಲು ಹೊರಟ ಒಬ್ಬನಿಗೂ ಕೊಲ್ಲಾಪುರದ ಬಸ್ಸು ಸಿಗಲಿಲ್ಲ.

“ಹಾದಿ ಬಿಡ್ರೋ. ಮಾಸ್ತರ್ರನ್ನ ನೋಡಬೇಕು ನಾ.”

“ಅದಕ್ಕೇ ಬಂದೇವಿ.”

ಮುರಗೆಪ್ಪ ಮಾಸ್ತರರು. ಬರಿಗಾಲ ಹುಡುಗನಿಗೆ ಬೂಟಿನ ದಾರ ಕಟ್ಟಲು ಕಲಿಸಿದ ಕೋಚು. ಕಲ್ಲು ಬಿದ್ದ ದಿನ ಅಡ್ಡ ನಿಂತು, ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ನಡೆದವರು ಅವರೊಬ್ಬರೇ. “ಕಲ್ಲ ಒಗದ ಇದೇ ಮಂದಿ ನಿನ್ನ ಹೆಗಲ ಮ್ಯಾಲ ಹೊತ್ತು ಗ್ರೌಂಡಿಗೆ ತರತೈತಿ ನೋಡು. ತರಸ್ತೇನಿ. ನನ್ನ ಮಾತಿದು,” ಅಂದಿದ್ದರು. ಯುವರಾಜ ಆಗ ನಕ್ಕಿದ್ದ. ಮತ್ತೆ ಈ ಊರು ಮೆಟ್ಟುವುದಿಲ್ಲವೆಂದು ಆಣೆ ಇಟ್ಟು ಬಸ್ಸು ಹತ್ತಿದ್ದ.

ಹೋದ ವಾರ ಆಸ್ಪತ್ರೆಯಿಂದ ಅವರ ಫೋನು. ದನಿ ಗಾಳಿ ಇಳಿದ ಚೆಂಡಿನಂತಿತ್ತು. ಟೂರ್ನಿ ಮುಗಿದ ಕೂಡಲೇ ಬರುತ್ತೇನೆ ಎಂದಿದ್ದ ಯುವರಾಜ. ಇಂದು ಮುಂಜಾನೆ ದುರಗೇಶನ ಫೋನು: “ಮಾಸ್ತರ್ರು ಕರದಾರ. ಬಾ.” ಆಣೆ ಅಲ್ಲಿಗೇ ಮುರಿಯಿತು. ಜೀವವಿರುವಾಗ ಒಮ್ಮೆ ಅವರ ಕಾಲು ಮುಟ್ಟಬೇಕು. ಅವನಿಗೆ ಬೇಕಾದ್ದು ಅಷ್ಟೇ.

ಅವನ ಕಾಲು ನೆಲಕ್ಕೆ ತಾಗುವ ಮೊದಲೇ ಎತ್ತಿ ದುರಗೇಶನ ಹೆಗಲಿಗೇರಿಸಿದರು. ಹಲಗಿಯ ವಾದ್ಯ ಮೊಳಗಿತು. ಕೊರಳಿಗೆ ಹಾರದ ಮೇಲೆ ಹಾರ. “ಯುವರಾಜಗ ಜೈ!”

ಮೆರವಣಿಗೆ ಆಮೆಯಂತೆ ಸಾಗಿತು. ಜೈಕಾರವೇನೋ ಜೋರಾಗಿತ್ತು, ಆದರೆ ಕೂಗುವ ಮುಖಗಳಲ್ಲಿ ನಗುವಿರಲಿಲ್ಲ. ದುರಗೇಶ ಅವನ ಕಣಕಾಲನ್ನು ಕಳ್ಳನನ್ನು ಹಿಡಿದಂತೆ ಹಿಡಿದಿದ್ದ. ಯುವರಾಜ ಬೆವೆತ. ಎತ್ತಿ ಕೂರಿಸಿದ್ದು ಕೆಡವುವುದಕ್ಕೇ ಇರಬೇಕು. ಹೆಗಲಿನಿಂದ ಬಿದ್ದರೆ ಪೆಟ್ಟು ಜಾಸ್ತಿ.

“ಲೇ, ಲಗೂ ಲಗೂ ನಡೀರಿ!”

“ಇಷ್ಟ ವರ್ಷ ತಡಾ ಮಾಡೇವಿ. ಇನ್ನೊಂದೀಟು ತಡಕೋ.”

ಪೇಟೆಯ ಅಂಗಡಿಗಳೆಲ್ಲ ಮುಚ್ಚಿದ್ದವು. ಶಂಕ್ರೆವ್ವ ತನ್ನ ಚಹಾದಂಗಡಿಯ ಕಟ್ಟೆ ಹತ್ತಿ ನಿಂತಿದ್ದಳು. ಹಾದಿಹೋಕರನ್ನೂ ಜಗ್ಗಿ ಕೂರಿಸಿ ಚಹಾ ಕುಡಿಸುವ ಮುದುಕಿ. ಅವಳು ಅವನ ಗಲ್ಲ ಸವರಿ, ಬೆರಳು ಮುರಿದು ದೃಷ್ಟಿ ತೆಗೆದಳು.

“ಯಾಕಬೇ ಯವ್ವಾ, ಆರತಿ ಇಲ್ಲ, ಚಾ ಇಲ್ಲ? ನನ್ನ ಮ್ಯಾಲ ಇನ್ನೂ ಸಿಟ್ಟೈತೇನು?”

“ಸಿಟ್ಟ ಮಣ್ಣಾಗ್ಲಿ. ಇವತ್ತ ಓಣ್ಯಾಗ ಯಾರೂ ಒಲಿ ಹಚ್ಚಿಲ್ಲೋ ನನ್ನಪ್ಪಾ, ನಿನ್ನ ಹಾದಿ ಕಾಯೂದ ಆತು.” ಸೆರಗು ಬಾಯಿಗಿಟ್ಟುಕೊಂಡಳು. “ಹೋಗು. ಅಂವ ಕಾಯಾಕತ್ತಾನ.”

ಸರ್ಕಲ್ ಬಂತು. ಆಸ್ಪತ್ರೆ ಎಡಕ್ಕೆ. ಮೆರವಣಿಗೆ ಬಲಕ್ಕೆ ತಿರುಗಿತು.

ಯುವರಾಜ ದುರಗೇಶನ ಕೂದಲು ಹಿಡಿದು ಜಗ್ಗಿದ. “ದವಾಖಾನಿ ಆಕಡೆ ಐತಲೇ! ಅಲ್ಲಿ ಮುದುಕನ ಜೀವ ಹೋಗಾಕತ್ತೈತಿ, ಇಲ್ಲಿ ನಿಮಗ ಹಬ್ಬ! ಅವತ್ತೂ ನಿಮ್ಮ ಖುಷಿನ ನಿಮಗ ದೊಡ್ಡದಿತ್ತು. ಇವತ್ತೂ ಅದೇ. ಇಳಸು!”

“ಬೈ. ಇನ್ನೂ ಬೈ. ನಮಗ ಬರೂದ ಐತಿ.” ದುರಗೇಶ ತಲೆ ಬಿಡಿಸಿಕೊಳ್ಳಲಿಲ್ಲ. “ಖರೆ, ಇಳಸಾಂವಲ್ಲ. ಮಾಸ್ತರ್ರು ದವಾಖಾನ್ಯಾಗ ಇಲ್ಲೋ. ಮುಂಜಾನೆನ ಕರಕೊಂಡ ಬಂದೇವಿ. ಗ್ರೌಂಡಿನ್ಯಾಗ ಕುಂತಾರ.”

“ಕುಂತಾರ?”

“ಹೂಂ. ಗೋಲಿನ್ಯಾಗ.”

ಯುವರಾಜನ ಮುಷ್ಟಿ ಸಡಿಲಾಯಿತು. ಕುಳಿತಿದ್ದಾರೆ! ಹಾಸಿಗೆ ಬಿಟ್ಟೆದ್ದು ಗ್ರೌಂಡಿಗೆ ಬಂದಿದ್ದಾರೆ. ಅಂದರೆ ಇದೆಲ್ಲ ಆ ಮುದುಕನ ಆಟ. ಕೊಟ್ಟ ಮಾತು ನಡೆಸಲು ಇಡೀ ಊರಿಗೆ ತಾಲೀಮು ಕೊಟ್ಟಿದ್ದಾರೆ. ಅವನಿಗೆ ನಗು ಬಂತು, ಜೊತೆಗೇ ಕಣ್ಣು ತುಂಬಿತು. ಜಗ್ಗಿದ ಕೂದಲನ್ನೇ ಸವರಿದ. ಮೊದಲ ಸಲ ಎರಡೂ ಕೈ ಮೇಲೆತ್ತಿ ಜನರತ್ತ ಬೀಸಿದ. ಹಲಗಿಯ ಪೆಟ್ಟಿಗೆ ಹೆಗಲ ಮೇಲೆಯೇ ಮೈ ಕುಣಿಸಿದ. ಕೆಳಗೆ ಯಾರೋ ಬಿಕ್ಕಿದರು. ಹಳೇ ತಪ್ಪಿಗೆ ಅಳುತ್ತಿದ್ದಾರೆ, ಅಳಲಿ ಅಂದುಕೊಂಡ.

ಗ್ರೌಂಡಿನ ಗೇಟು ದಾಟಿದೊಡನೆ ಹಲಗಿ ನಿಂತಿತು.

“ಮಾಸ್ತರ್ರೇ! ಹೊತ್ತು ತಂದೇವಿ, ನೋಡ್ರಿ!” ದುರಗೇಶನ ಕೂಗು ಮೈದಾನದುದ್ದ ಓಡಿತು.

ತಲೆಗಳ ಮೇಲಿಂದ ಯುವರಾಜನಿಗೆ ಎಲ್ಲ ಕಾಣುತ್ತಿತ್ತು. ಗೋಲಿನ ಕಂಬಗಳ ನಡುವೆ ಬಾಳೆ ಕಟ್ಟಿ, ಚೆಂಡುಹೂವಿನ ಮಂಟಪ ಮಾಡಿದ್ದರು. ಒಳಗೆ ಮಾಸ್ತರರು ನೆಟ್ಟಗೆ ಕುಳಿತಿದ್ದರು. ಹೊಸ ಧೋತರ, ತಲೆಗೆ ರುಮಾಲು, ಹಣೆತುಂಬ ವಿಭೂತಿ. ಯುವರಾಜ ಕೈ ಬೀಸಿದ. ಮತ್ತೊಮ್ಮೆ ಬೀಸಿದ.

ದುರಗೇಶ ಅವನನ್ನು ಮೆಲ್ಲಗೆ ಆ ಪಾದಗಳ ಬಳಿ ಇಳಿಸಿದ.

“ಬೆಳಕ ಹರಿಯೂ ಮುಂದ ಹೋದ್ರಪಾ. ‘ಅವನ್ನ ಹೊತ್ತು ತರೂತನಕ ನನ್ನ ಎತ್ತಬ್ಯಾಡ್ರಿ’ ಅಂದಿದ್ರು. ಈಗ ಎತ್ತೂಣೇನು, ಕ್ಯಾಪ್ಟನ್?”